ಇಸ್ತ್ರಿಯವರ ಹೊಸ ಪ್ಯಾಂಟು

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಷಮಿಸುವವಳಲ್ಲ. "ಇವಳ ಹೊಲಿಗೆ ನೇರ, ಮಾತು ಕೊಂಕು" ಎಂದೇ ಅಪ್ಪ ನನ್ನನ್ನು ಗಿರಾಕಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದರು. ಇದನ್ನೆಲ್ಲ ಕೇಳಿ ಯಾರಾದರೂ "ಪಾಪ, ಅಷ್ಟೊಂದು ಮಾಡಬಾರದಿತ್ತು" ಎಂದರೆ ನನಗೆ ಬೇಸರವಿಲ್ಲ. ಅವರ ಅಪ್ಪನ ಕಾಲಿನ ಫೋಟೋವನ್ನು ಯಾರೂ ಗೋಡೆಗೆ ಹಚ್ಚಿಲ್ಲ, ಅಷ್ಟೆ.

ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ಕೆಳಗೆ ಅಂಗಳಕ್ಕೆ ಮುಖಮಾಡಿ ನಮ್ಮ ಟೈಲರ್ ಅಂಗಡಿ, ಎರಡನೇ ಮಹಡಿಯಲ್ಲಿ ನನ್ನ, ಅಪ್ಪನ ಮನೆ. ಅಪ್ಪ ಮೂವತ್ತಾರು ವರ್ಷ ಆ ಅಂಗಡಿಯಲ್ಲಿ ಮಷೀನು ತುಳಿದವರು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸುಸ್ತಾಯಿತು, ಪಾದಗಳು ಊದಿಕೊಳ್ಳತೊಡಗಿದವು. ಡಾಕ್ಟರು ಹೆಬ್ಬೆರಳಿನಿಂದ ಒತ್ತಿದರೆ ಆದ ಗುಳಿ ಎಷ್ಟು ಹೊತ್ತಾದರೂ ಹಾಗೆಯೇ ಉಳಿಯುತ್ತಿತ್ತು. ಸೊಂಟಕ್ಕೆ ಬಿಗಿಯಾದದ್ದು ಬೇಡ, ಚಪ್ಪಲಿ ಕಚ್ಚಿ ಗಾಯವಾದರೆ ಮಾಯುವುದಿಲ್ಲ, ಅದಕ್ಕಿಂತ ಬರಿಗಾಲೇ ವಾಸಿ, ಆದರೆ ದಿನಾ ಅರ್ಧ ಗಂಟೆ ನಡೆಯಲೇಬೇಕು, ನಡೆಯದಿದ್ದರೆ ನೀರು ಮೇಲಕ್ಕೇರುತ್ತದೆ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ರಾತ್ರಿ ಉಡುಪಿಗೆಂದೇ ನೇಯ್ದ ಬೂದು ಪಟ್ಟೆಯ ದಪ್ಪ ಹತ್ತಿಬಟ್ಟೆಯ ಒಂದು ಥಾನು ತರಿಸಿ ನಾನು ಅಪ್ಪನಿಗೆ ನಾಲ್ಕು ಪೈಜಾಮ ಹೊಲಿದೆ. ಅಂದಿನಿಂದ ಅಪ್ಪ ಬೆಳಿಗ್ಗೆ ಬರಿಗಾಲಲ್ಲಿ ಅಂಗಳ ಸುತ್ತಿ, ಅಂಗಡಿಯೆದುರಿನ ಬೆಂಚಿನ ಮೇಲೆ ಬಿಸಿಲಿಗೆ ಕೂತು, ಹೋಗಿಬರುವವರ ಕಾಲರು ಕಫುಗಳಿಗೆ ಮಾರ್ಕು ಹಾಕುತ್ತಿದ್ದರು. ನಾನು ಹೊಲಿದದ್ದಕ್ಕೆ ನೂರಕ್ಕೆ ಐವತ್ತರ ಮೇಲೆ ಯಾವತ್ತೂ ಕೊಟ್ಟವರಲ್ಲ.

ಇಸ್ತ್ರಿ ಎಂದರೆ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಸದ ಬುಟ್ಟಿ ಹೊರಗಿಡಲು ಬರುವಾಗಲೂ ಅವನ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು, ಅದಕ್ಕೇ ಆ ಹೆಸರು. ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಹೊಸ್ತಿಲು ದಾಟಿದ ಮನುಷ್ಯ ನೀಟಾಗಿರಬೇಕು, ಮಲಗುವ ಬಟ್ಟೆಯಲ್ಲಿ ಓಡಾಡುವವರನ್ನು ನೋಡಿದರೆ ಹೊರಗಿನವರು ಕಟ್ಟಡಕ್ಕೇ ಬೆಲೆ ಕೊಡುವುದಿಲ್ಲ ಎಂಬುದು ಅವನ ವಾದ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಕೊರೆಯುತ್ತಿದ್ದ. ನಾವು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ದಿನ ಅಪ್ಪ ಬೆಂಚಿನಲ್ಲಿ ಕೂರದೆ ಬೇಗನೆ ಮೇಲೆ ಹೋದರು. ಮಧ್ಯಾಹ್ನ ಊಟಕ್ಕೆ ಹೋದಾಗ ಕೇಳಿದೆ, ಕಾಲು ನೋವು ಎಂದರು. ನಾನು ನಂಬಿದೆ. ಮರುದಿನ ಬೆಳಿಗ್ಗೆ ಕೆಳಗೆ ಬರಲೊಲ್ಲೆ ಎಂದರು. ಕಾರಣ ನನಗೆ ಗೊತ್ತಾದದ್ದು ಅಂಗಡಿಗೆಂದು ಇಳಿದು ಲಿಫ್ಟಿನ ಪಕ್ಕದ ನೋಟೀಸ್ ಬೋರ್ಡಿನತ್ತ ತಿರುಗಿದಾಗ. ಗಾಜಿನ ಹಿಂದೆ ಕಪ್ಪುಬಿಳುಪಿನಲ್ಲಿ ಅಪ್ಪ ಇದ್ದರು. ಬೆಂಚಿನ ಮೇಲೆ ಕೂತ, ಬಾಯಿ ಸ್ವಲ್ಪ ತೆರೆದ, ಒಗೆದು ಒಗೆದು ಬಿಳಿಚಿದ ಪೈಜಾಮದ ಅಪ್ಪ. ಊದಿದ ಪಾದಗಳು ಎದ್ದು ಕಾಣಲೆಂದೇ ಯಾರೋ ಬಗ್ಗಿ ತೆಗೆದ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ "ಇದು ಮನೆಯ ಮಲಗುವ ಕೋಣೆಯಲ್ಲ" ಎಂದು ಬರೆದು, ಅದರ ಕೆಳಗೆ ಕಾರ್ಯದರ್ಶಿಯ ಸಹಿ.

ಅವನ ಮನೆಗೆ ಹೋದೆ. ಮೊದಲು ಕೈಮುಗಿದು ಹೇಳಿದೆ, ಆಮೇಲೆ ಕೂಗಾಡಿದೆ. ಡಾಕ್ಟರ ಚೀಟಿ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದ, ಮಡಚಿ ವಾಪಸ್ಸು ಕೊಟ್ಟ.

"ನಿಯಮ ಅಂದ್ರೆ ನಿಯಮ ಕಣಮ್ಮ. ಇದ್ರಲ್ಲಿ ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ವಾರ್ಷಿಕ ಸಭೇಲಿ ಮತಕ್ಕೆ ಹಾಕ್ತೀನಿ. ಅಲ್ಲೀತನಕ ಒಂದು ಉದಾಹರಣೆ ಅಂತ ಇರ್ಲಿ."

ಉದಾಹರಣೆ. ನಾನು ಗಾಜಿನ ಸಂದಿಯಲ್ಲಿ ಸ್ಕೇಲು ತೂರಿಸಿ ಅದನ್ನು ಹರಿದೆ. ಅವನು ಇನ್ನೊಂದು ಪ್ರತಿ ಹಚ್ಚಿ, ಬೀಗ ಬದಲಾಯಿಸಿ, ಕೀಲಿಯನ್ನು ಕಾವಲುಗಾರನಿಗೆ ಕೊಟ್ಟ.

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಕರೆದೆ, ಬೈದೆ, ಮನೆಯೊಳಗೇ ಆದರೂ ನಡೆಯಿರಿ ಎಂದು ಗೋಗರೆದೆ. ನಾಲ್ಕು ಹೆಜ್ಜೆ ಹಾಕಿ ಕೂತುಬಿಡುತ್ತಿದ್ದರು. ಹದಿನೈದು ದಿನದಲ್ಲಿ ಊತ ಮೊಣಕಾಲಿಗೆ ಬಂತು. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದರು ಡಾಕ್ಟರು. ಒಂದು ಸಂಜೆ ನಾನು ಕಾಲು ಒರೆಸುತ್ತಿದ್ದಾಗ ಅಪ್ಪ ಕೇಳಿದರು, "ನೋಡೋರಿಗೆ ಅಷ್ಟು ಅಸಹ್ಯ ಆಗ್ತಿತ್ತಾ, ಮಗಾ?" ನಾನು ಒರೆಸುವ ಬಟ್ಟೆಯನ್ನು ಮತ್ತೆ ನೀರಿಗದ್ದಿ ಹಿಂಡಿದೆ. ಅವತ್ತೇ ತೀರ್ಮಾನಿಸಿದೆ, ಇವನನ್ನು ಬಿಡಬಾರದು ಎಂದು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಅವನೇ ಹೇಳಿಕೊಟ್ಟ. ಸಭೆಗೆ ಹತ್ತು ದಿನವಿರುವಾಗ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಏನೂ ಆಗಿಯೇ ಇಲ್ಲವೆಂಬಂತೆ ಕುರ್ಚಿ ಎಳೆದು ಕೂತ. ನಮ್ಮ ಮೇಲೆ ಸಿಟ್ಟಿಲ್ಲ ಎಂದಿದ್ದನಲ್ಲ, ಆದ್ದರಿಂದ ನಮಗೂ ಇರಬಾರದು ಎಂಬ ಲೆಕ್ಕಾಚಾರ. ಅವನಿಗೆ ಹೊಟ್ಟೆಯ ಆಪರೇಷನ್ ಆಗಿತ್ತಂತೆ, ಹೊಲಿಗೆ ಹಾಕಿದ ಜಾಗದಲ್ಲಿ ಬೆಲ್ಟು ಒತ್ತುತ್ತಿತ್ತಂತೆ, ರೆಡಿಮೇಡು ಯಾವುದೂ ಆಗುತ್ತಿರಲಿಲ್ಲವಂತೆ. ಸಭೆಗೆ ಹೊಸ ಪ್ಯಾಂಟು ಬೇಕಿತ್ತು.

"ಬೆಲ್ಟ್ ಬೇಡ, ಬಿಗಿ ಬೇಡ, ಸೊಂಟಕ್ಕೆ ಮೆತ್ತಗಿರ್ಬೇಕು. ಹಾಕ್ಕೊಂಡಿದ್ದೀನಿ ಅಂತಾನೇ ಗೊತ್ತಾಗ್ಬಾರ್ದು. ಆದ್ರೆ ನೋಡೋರಿಗೆ ಪ್ಯಾಂಟ್ ಥರಾನೇ ಕಾಣ್ಬೇಕು."

ನಾನು ಟೇಪು ಹಿಡಿದು ಅವನ ಸೊಂಟ ಸುತ್ತಿದೆ. ನಲವತ್ತೆರಡು. ಈ ಮನುಷ್ಯ ತನ್ನ ಬಾಯಾರೆ ಕೇಳುತ್ತಿರುವುದು ಪೈಜಾಮವನ್ನು ಎಂಬುದು ದರ್ಜಿಯ ಮಗಳಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು. ಒಳಗೆ ಹೋಗಿ ಆ ಬೂದು ಪಟ್ಟೆಯ ಥಾನಿನಲ್ಲಿ ಉಳಿದಿದ್ದನ್ನು ತಂದು ಅವನ ಮುಂದೆ ಬಿಡಿಸಿದೆ. ಹೊಸತರಲ್ಲಿ ಅದರ ಪಟ್ಟೆ ಕಡುಬೂದು, ಮೇಲ್ಮೈಗೆ ಹೊಳಪು. ಅವನು ಎರಡು ಬೆರಳಲ್ಲಿ ಹೊಸಕಿ ನೋಡಿದ.

"ಬೆಸ್ಟ್ ಸೂಟಿಂಗು. ಇಂಥ ಮಾಲು ಇಟ್ಕೊಂಡು ತೋರ್ಸೋದೇ ಇಲ್ವಲ್ಲಮ್ಮ ನೀವು."

ತಿಂಗಳಿಂದ ಅದೇ ಪಟ್ಟೆಯನ್ನು ಗೋಡೆಗೆ ಹಚ್ಚಿಟ್ಟಿದ್ದವನು ಅವನೇ. ಆ ಫೋಟೋದಲ್ಲಿ ಅವನು ನೋಡಿದ್ದು ಕಾಲನ್ನು ಮಾತ್ರ. ನಾನು ಸುಳ್ಳು ಹೇಳಲಿಲ್ಲ. ತುಂಬ ಮೆತ್ತಗಿರುತ್ತದೆ ಸಾರ್, ಅಪ್ಪನಿಗೂ ಇದು ಇಷ್ಟ ಎಂದೆ.

ಮುಂದೆ ಗುಂಡಿಪಟ್ಟಿಯ ವೇಷ ಮಾತ್ರ, ತೆರೆಯುವುದಿಲ್ಲ. ಹಿಂದೆ ಸೊಂಟಪಟ್ಟಿಯೊಳಗೆ ಎಲಾಸ್ಟಿಕ್. ಎರಡು ಜೇಬು, ಕಾಲಿಗೆ ಕತ್ತಿಯಂಥ ಗೆರೆ. ಅರ್ಧ ಹೊಲಿದು, ಕೈಹೊಲಿಗೆ ಮುಗಿಸಲೆಂದು ಮನೆಗೆ ತಂದು ಅಪ್ಪನ ಮಂಚದ ತುದಿಯಲ್ಲಿ ಕೂತೆ. ಬಟ್ಟೆಯ ಸದ್ದಿಗೆ ಅಪ್ಪ ತಿರುಗಿದರು. ಕೈಚಾಚಿ ಅಂಚನ್ನು ಮುಟ್ಟಿದರು.

ಇದು ತಮ್ಮ ಪೈಜಾಮದ ಬಟ್ಟೆಯಲ್ಲವೇ ಎಂದು ಕೇಳಿದರು. ಹೌದೆಂದೆ. ಸೊಂಟದ ಅಳತೆಯನ್ನು ಗೇಣಿನಲ್ಲೇ ಹಿಡಿದು ನೋಡಿ, ಇಷ್ಟು ದಪ್ಪದವರು ಯಾರು ಎಂದರು. ಹೇಳಿದೆ. ಬೈಗುಳ ಬರುತ್ತದೆಂದುಕೊಂಡೆ. ಗಿರಾಕಿಯ ಮೇಲಿನ ಸಿಟ್ಟನ್ನು ಬಟ್ಟೆಯ ಮೇಲೆ ತೀರಿಸಬಾರದು ಎಂದು ಕತ್ತರಿ ಹಿಡಿಯುವ ಮೊದಲೇ ನನಗೆ ಕಲಿಸಿದವರು ಅವರು. ಅಪ್ಪ ಅದನ್ನು ತಿರುಗಿಸಿ ಒಳಹೊಲಿಗೆ ನೋಡಿದರು, ಸೊಂಟಪಟ್ಟಿ ಹಿಂಡಿದರು.

"ಬರೀ ಎಲಾಸ್ಟಿಕ್ ಹಾಕಿದ್ದೀಯ. ಲಾಡಿ ಇಲ್ದೆ ಪೈಜಾಮ ಆಗುತ್ತಾ? ಕೊಡಿಲ್ಲಿ. ನನ್ನ ಕನ್ನಡಕ ಎಲ್ಲಿ?"

ಒಂದು ತಿಂಗಳ ಮೇಲೆ ಅಪ್ಪ ಗೋಡೆ ಬಿಟ್ಟು ದಿಂಬಿಗೆ ಒರಗಿ ಕೂತರು. ನನ್ನ ಹೊಲಿಗೆಯನ್ನು ಅರ್ಧಕ್ಕರ್ಧ ಬಿಚ್ಚಿ ತಾವೇ ಹಾಕಿದರು. ಸೊಂಟಪಟ್ಟಿಯ ಒಳಗೆ ಬಿಳಿ ಲಾಡಿ ಕೂರಿಸಿ, ಅದರ ತುದಿ ಹೊರಗಿಣುಕದಂತೆ ಸಣ್ಣ ಮುಚ್ಚಳ ಹೊಲಿದರು. ಮೂವತ್ತಾರು ವರ್ಷದ ವಿದ್ಯೆಯನ್ನೆಲ್ಲ ಆ ಒಂದು ಬಟ್ಟೆಗೆ ಸುರಿದರು. ಉಳಿದ ತುಂಡಿನಲ್ಲಿ ತಮಗೊಂದು ಪೈಜಾಮ ಕತ್ತರಿಸು ಎಂದರು. ಯಾಕೆ ಎಂದು ನಾನು ಕೇಳಲಿಲ್ಲ.

ಇಸ್ತ್ರಿ ಪ್ಯಾಂಟು ತೊಟ್ಟು ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡು ಉಬ್ಬಿಹೋದ. ಲಾಡಿ ಯಾಕೆ ಎಂದು ಕೇಳಿದ. ಹೊಟ್ಟೆಗೆ ಹಿತವಾಗಿರಲಿ ಎಂದು ಸಾರ್, ಯಾರಿಗೂ ಕಾಣುವುದಿಲ್ಲ ಎಂದೆ. ನಿಮ್ಮ ಕೈಯಲ್ಲಿ ಕಲೆ ಇದೆ ಕಣಮ್ಮ ಎಂದು ಹೊಗಳಿದ. ನಾನು ಹಲ್ಲು ಕಚ್ಚಿಕೊಂಡು ನಕ್ಕೆ.

ಸಭೆ ಭಾನುವಾರ ಹತ್ತು ಗಂಟೆಗೆ, ನೆಲಮಹಡಿಯ ಹಾಲ್‌ನಲ್ಲಿ. ಇಸ್ತ್ರಿ ಅಲ್ಲಿಗೆ ಹೊಸದಾಗಿ ಮರದ ನೆಲ ಹಾಕಿಸಿದ್ದ. ಗೀಚು ಬೀಳುತ್ತದೆಂದು ಚಪ್ಪಲಿ, ಬೂಟುಗಳನ್ನೆಲ್ಲ ಬಾಗಿಲ ಹೊರಗೆ ಬಿಡಿಸಿದ. ಸಾಕ್ಸು ಜಾರುತ್ತದೆಂದು ತಾನು ಅದನ್ನೂ ಕಳಚಿ ಬೂಟಿನೊಳಗೆ ತುರುಕಿದ. ಬರಿಗಾಲಲ್ಲಿ ಕೂತ ನಲವತ್ತು ಜನರೆದುರು ಬರಿಗಾಲಲ್ಲಿ ನಿಂತು, ಬರಿಗಾಲಿನ ವಿರುದ್ಧ ನಿಯಮ ಓದಿದ. ಒಬ್ಬರಿಗೂ ನಗು ಬರಲಿಲ್ಲ. ಲಿಫ್ಟು, ಮೆಟ್ಟಿಲು, ಅಂಗಳ, ಹಾಲ್ ಎಲ್ಲಿಯೂ ಮಲಗುವ ಉಡುಪು, ಬರಿಗಾಲು ಸಲ್ಲದು. ಉಲ್ಲಂಘಿಸಿದವರ ಫೋಟೋವನ್ನು ಬೋರ್ಡಿನಲ್ಲಿ ಹಾಕಲಾಗುವುದು. ಅರ್ಧ ಜನ ಕೈ ಎತ್ತಿದರು, ಉಳಿದ ಅರ್ಧ ಜನಕ್ಕೆ ಬೇಗ ಮನೆಗೆ ಹೋಗಬೇಕಿತ್ತು, ಅವರೂ ಎತ್ತಿದರು. ಅಂಗೀಕಾರವಾಯಿತು ಎಂದು ಇಸ್ತ್ರಿ ಬರೆದುಕೊಂಡ.

ಆಗ ಅಪ್ಪ ಒಳಗೆ ಬಂದರು. ಗೋಡೆ ಹಿಡಿದು, ಹೆಜ್ಜೆ ಹೆಜ್ಜೆಗೆ ನಿಂತು, ಹೊಸ ಪೈಜಾಮದಲ್ಲಿ. ಎತ್ತರದ ವೇದಿಕೆಯೇನಿರಲಿಲ್ಲ, ಅಪ್ಪ ನೇರವಾಗಿ ಹೋಗಿ ಇಸ್ತ್ರಿಯ ಪಕ್ಕ ನಿಂತರು.

"ನೋಡಿ, ನಾನು ಹೇಳ್ತಿದ್ದಿದ್ದು ಇದನ್ನೇ" ಎಂದ ಇಸ್ತ್ರಿ, ಸಭೆಯ ಕಡೆ ತಿರುಗಿ.

"ಇದನ್ನೇ ಅಂದ್ರೆ ಯಾವುದನ್ನ?" ಎಂದರು ಅಪ್ಪ. "ನನ್ನದಕ್ಕೂ ನಿಮ್ಮದಕ್ಕೂ ಏನು ವ್ಯತ್ಯಾಸ ಹೇಳಿ."

ಸಭೆ ಅವನ ಪಟ್ಟೆ ನೋಡಿತು, ಅಪ್ಪನ ಪಟ್ಟೆ ನೋಡಿತು. ಇಸ್ತ್ರಿ ಮಾತ್ರ ಇನ್ನೂ ನೋಡಿರಲಿಲ್ಲ.

"ಇದೆಂಥಾ ಪ್ರಶ್ನೆ? ನಿಮ್ಮದು ಪೈಜಾಮ. ಲಾಡಿ ಕಟ್ಟೋದು."

"ನಿಮ್ಮದಕ್ಕೂ ಇದೆಯಲ್ಲ ಲಾಡಿ. ನಾನೇ ಕೂರಿಸಿದ್ದು. ಮೂವತ್ತಾರು ವರ್ಷ ಇದೇ ಕೆಲಸ ಮಾಡಿದ್ದೀನಿ, ನೀವು ಹಾಕಿರೋದು ಪೈಜಾಮ."

ಇಸ್ತ್ರಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಷ್ಟು ಸಾಕಾಯಿತು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಮೊದಲು ನಕ್ಕರು, ಆಮೇಲೆ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡಿತು. ಅವನು ಕೆಳಗೆ ನೋಡಿದ, ಪಕ್ಕಕ್ಕೆ ನೋಡಿದ, ಮುಖ ಸುಣ್ಣವಾಯಿತು. ನಾನು ಫೋಟೋ ತೆಗೆಯಲೆಂದು ಫೋನು ಎತ್ತಿದೆ. ಆಗಲೇ ಅವನ ಪಾದ ಕಣ್ಣಿಗೆ ಬಿತ್ತು. ಸಾಕ್ಸಿನ ಅಂಚು ಒತ್ತಿದಲ್ಲಿ ಸುತ್ತಲೂ ಆಳವಾದ ಗೆರೆ, ಅದರ ಕೆಳಗೆ ನುಣುಪಾದ ಊತ. ನನಗೆ ಆ ಊತ ಗೊತ್ತು. ದಿನಾ ಒರೆಸುತ್ತೇನಲ್ಲ. ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ, ಕೈ ಮಾತ್ರ ಒಂದು ಕ್ಷಣ ತಡೆಯಿತು.

"ತೆಗಿ" ಎಂದರು ಅಪ್ಪ. "ಕಾಲೂ ಬರ್ಲಿ."

ತೆಗೆದೆ. ಅವನ ನಿಯಮಕ್ಕೆ ಅವನದೇ ಮೊದಲ ಫೋಟೋ ಎಂದು ಹಲ್ಲಿನ ಡಾಕ್ಟರು ಸೂಚಿಸಿದರು, ಯಾರೂ ಬೇಡ ಎನ್ನಲಿಲ್ಲ. ಕಾವಲುಗಾರ ಬೀಗ ತೆಗೆದು ಅಪ್ಪನನ್ನು ಇಳಿಸಿ, ಅದೇ ನಾಲ್ಕು ಪಿನ್ನಿನಲ್ಲಿ ಇಸ್ತ್ರಿಯನ್ನು ಚುಚ್ಚಿದ. ಮರುದಿನದಿಂದ ಅಪ್ಪ ಅಂಗಳಕ್ಕೆ ಇಳಿದರು. ಅವರನ್ನು ಹಿಡಿಯಲು ಇನ್ನು ನಿಯಮಕ್ಕೆ ಮುಖವಿರಲಿಲ್ಲ. ಊತ ಮೊಣಕಾಲು ಬಿಟ್ಟು ನಿಧಾನವಾಗಿ ಇಳಿಯತೊಡಗಿತು. ಇಸ್ತ್ರಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ನಿನ್ನೆ ಅವನ ಹೆಂಡತಿ ಅಂಗಡಿಗೆ ಬಂದರು. ಅಪ್ಪ ಒಳಗೆ ಕೂತು ಗುಂಡಿ ಹಚ್ಚುತ್ತಿದ್ದರು. ಆಕೆ ಕೂರಲಿಲ್ಲ. ಹೊರಗೇ ಬರುತ್ತಿಲ್ಲ, ಊಟವೂ ಸರಿಯಾಗಿ ಮಾಡುತ್ತಿಲ್ಲ, ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ, ಕಾಲು ಬೇರೆ ಊದುತ್ತಿದೆ ಎಂದು ಸೆರಗಿನಲ್ಲಿ ಕಣ್ಣೊತ್ತಿಕೊಂಡರು. ಆಕೆಯದೇನೂ ತಪ್ಪಿರಲಿಲ್ಲ. ನಾನು ನೀರು ಕೊಟ್ಟೆ.

"ಆ ಫೋಟೋ ತೆಗ್ಸಮ್ಮ. ನಿಂಗೆ ಕೈ ಮುಗೀತೀನಿ."

"ಇವತ್ತಿಗೆ ಎಷ್ಟು ದಿನ ಆಯ್ತಕ್ಕ?"

"ಹನ್ನೊಂದು."

"ನಮ್ಮಪ್ಪ ನಲವತ್ತೊಂದು ದಿನ ಒಳಗಿದ್ರು. ಇನ್ನು ಮೂವತ್ತು ದಿನ ಇದೆ."

ಆಕೆ ನನ್ನ ಮುಖ ನೋಡಿದರು, ಆಮೇಲೆ ಆಸೆಯಿಂದ ಒಳಗಡೆ ಅಪ್ಪನನ್ನು ನೋಡಿದರು. ಅಪ್ಪ ದಾರವನ್ನು ಹಲ್ಲಿನಲ್ಲಿ ಕಡಿದು, ಗುಂಡಿ ಎಳೆದು ನೋಡಿ, ತಲೆಯೆತ್ತದೆ ನನಗೆ ಹೇಳಿದರು.

"ಮೂವತ್ತೊಂದು. ನೀನು ನೋಡಿದ್ದು ಮಾರನೇ ದಿನ. ನಾನು ಹಿಂದಿನ ಬೆಳಿಗ್ಗೇನೇ ನೋಡಿದ್ದೆ."