ಕತ್ತರಿ ತಾತ ಬಡಿದ ಮೊಳೆ

ನಮ್ಮ ಬೀದಿಯಲ್ಲಿ ಅಂಗಡಿಗಳ ಬಾಗಿಲು ಮತ್ತೆ ತೆರೆದಾಗ ಜನ ಮೊದಲು ನುಗ್ಗಿದ್ದು ಎಲ್ಲಿಗೆ ಹೇಳಿ? ದಿನಸಿ ಅಂಗಡಿಗಲ್ಲ, ಬಟ್ಟೆ ಅಂಗಡಿಗಲ್ಲ, ಕಟಿಂಗ್ ಅಂಗಡಿಗೆ. ಕೊರೊನಾ ಕಾಲದಲ್ಲಿ ಹೆಂಡತಿಯ ಕೈಲಿ, ಅಣ್ಣನ ಕೈಲಿ, ಕೊನೆಗೆ ಕನ್ನಡಿ ಮುಂದೆ ನಿಂತು ತಮ್ಮ ಕೈಯಿಂದಲೇ ತಲೆ ಹಾಳು ಮಾಡಿಕೊಂಡಿದ್ದ ಗಂಡಸರೆಲ್ಲ ಟೋಪಿ ಹಾಕಿಕೊಂಡು ಸಾಲು ನಿಂತಿದ್ದರು. ನಾನು ಎದುರಂಗಡಿಯ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತರೆ ಆ ಅಂಗಡಿ ಪೂರ್ತಿ ಕಾಣುತ್ತದೆ. ನೋಡಬಾರದು ಅಂದುಕೊಂಡರೂ ಕಾಣುತ್ತದೆ, ನನ್ನದೇನು ತಪ್ಪು?

ಅಂಗಡಿಯಲ್ಲಿ ಎಲ್ಲವೂ ಮೊದಲಿನಂತಾಯಿತು. ಮೂಲೆಯಲ್ಲಿದ್ದ ಮರದ ಕುರ್ಚಿ ಮಾತ್ರ ಖಾಲಿ. ಅದು ಕತ್ತರಿ ತಾತನ ಕುರ್ಚಿ. ಅಂಗಡಿ ಶುರು ಮಾಡಿದವರು ಅವರೇ. ಕೈ ನಡುಗಲು ಶುರುವಾದ ಮೇಲೆ ಕತ್ತರಿಯನ್ನು ಮಗನಿಗೆ ಕೊಟ್ಟರು, ಬಾಯಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಬೆಳಗ್ಗೆಯಿಂದ ಸಂಜೆಯವರೆಗೆ ಆ ಕುರ್ಚಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುವುದೇ ಅವರ ಉದ್ಯೋಗ. ಅರ್ಧ ಜನ ಬರುತ್ತಿದ್ದುದು ಕೂದಲಿಗೆ, ಇನ್ನರ್ಧ ಜನ ತಾತನಿಗೆ.

ತಾತನಿಗೆ ಮೊದಲಿನಿಂದಲೂ ಉಬ್ಬಸ. ಹಾಗಾಗಿ ಸೋಂಕು ಶುರುವಾದಾಗ ಮಗ ಅವರನ್ನು ಅಂಗಡಿಯ ಮೇಲಿನ ಮನೆಯಲ್ಲೇ ಕೂರಿಸಿದ. ಆಗ ಅದು ಸರಿಯೇ ಆಗಿತ್ತು. ತಾತ ಒಂದು ಹಟ ಹಿಡಿದರು. "ಅಂಗಡಿ ಕುರ್ಚಿ ಮೇಲೆ ಕೂತು ಗಡ್ಡ ಮಾಡಿಸ್ಕೊಳ್ಳೋನು ನಾನು. ಬಚ್ಚಲಲ್ಲಿ ಸ್ಟೂಲ್ ಹಾಕಿ ಬೋಳಿಸ್ತೀನಿ ಅಂದ್ರೆ ಮುಟ್ಟಬೇಡ," ಎಂದರು. ಗಡ್ಡ ಬೆಳೆಯಿತು. ಎದೆಯವರೆಗೂ ಬಂತು. ಕಟಿಂಗ್ ಅಂಗಡಿಯ ಮೇಲೆ, ಬಾಲ್ಕನಿಯಲ್ಲಿ, ಅಷ್ಟುದ್ದ ಗಡ್ಡ ಬಿಟ್ಟ ಮುದುಕರು ನಿಂತರೆ ವ್ಯಾಪಾರಕ್ಕೆ ಒಳ್ಳೆಯದೇ? ನೀವೇ ಹೇಳಿ. ಆ ನಡುವೆ ಹುಟ್ಟಿದ ಮೊಮ್ಮಗಳಿಗಂತೂ ತಾತ ಎಂದರೆ ಗಡ್ಡ, ಗಡ್ಡ ಎಂದರೆ ತಾತ.

ಮೊದಮೊದಲು ಬಾಲ್ಕನಿಯಿಂದಲೇ ಎಲ್ಲರನ್ನೂ ಕೂಗಿ ಮಾತಾಡಿಸುತ್ತಿದ್ದರು. ಬರಬರುತ್ತಾ ಕೂಗುವುದನ್ನು ಬಿಟ್ಟರು. ಊಟ ಕಮ್ಮಿಯಾಯಿತು. ಒಂದು ದಿನ ನಾನು ಕೆಳಗಿನಿಂದ, "ಊಟ ಆಯ್ತಾ ತಾತ?" ಅಂದರೆ ಉತ್ತರ ಕೊಡದೆ ಒಳಗೆ ಹೋದರು. ಮಾತೇ ಬಂಡವಾಳವಾಗಿದ್ದ ಮನುಷ್ಯ ಮಾತು ಬಿಟ್ಟರೆ ಇನ್ನೇನು ಉಳಿಯುತ್ತದೆ?

ತಾತನ ಮಗಳು ನಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. ಬೀದಿಗೆಲ್ಲ ಅವಳು ನರ್ಸಕ್ಕ. ಒಂದು ಮಧ್ಯಾಹ್ನ ಕೆಲಸ ಮುಗಿಸಿಕೊಂಡು ನೇರ ತಮ್ಮನ ಅಂಗಡಿಗೆ ಬಂದಳು. ಗಿರಾಕಿಗಳಿರಲಿಲ್ಲ. ನಾನೂ ಕತ್ತರಿ ಸಾಣೆ ಹಿಡಿಸುವ ನೆಪದಲ್ಲಿ ಹೋದೆ.

"ಅಪ್ಪನ್ನ ಯಾವಾಗ ಕೆಳಗೆ ಕರ್ಕೊಂಡು ಬರ್ತೀಯೋ?" ಎಂದಳು.

"ಹೇಗೆ ಕರ್ಕೊಂಡು ಬರಲಿ ಅಕ್ಕ? ದಿನಾ ಎಷ್ಟು ಜನ ಬರ್ತಾರೆ! ನಾನೇನೋ ಎಲ್ಲ ಚೊಕ್ಕಟವಾಗಿ ಇಟ್ಟಿದ್ದೀನಿ. ಒಬ್ಬರು ಎದ್ದ ತಕ್ಷಣ ಕುರ್ಚಿ ಒರೆಸ್ತೀನಿ, ಬಾಚಣಿಗೆ ಕುದಿಸ್ತೀನಿ, ಬಾಗಿಲ ಹಿಡಿಗೂ ಸ್ಯಾನಿಟೈಸರ್. ಆದ್ರೂ ಭಯ."

ಅದು ಸುಳ್ಳಲ್ಲ. ಒರೆಸಿ ಒರೆಸಿ ಕುರ್ಚಿಯ ಬಣ್ಣವೇ ಹೋಗಿತ್ತು. ಒಮ್ಮೆ ನಾನು ಕೊಟ್ಟ ನೋಟಿಗೂ ಸ್ಯಾನಿಟೈಸರ್ ಹೊಡೆದು ಒಣಗಲು ಹಾಕಿದ್ದ.

ನರ್ಸಕ್ಕ ಮೂಗು ಅರಳಿಸಿದಳು. "ಯಾರಿಗೋ ಶೇವಿಂಗ್ ಲೋಷನ್ ಹಚ್ಚಿದ್ಯಾ?"

"ಹೂಂ, ಬೇಕರಿಯವರಿಗೆ. ಅವರು ಹೋಗಿ ಆಗ್ಲೇ ಎಷ್ಟೊತ್ತಾಯ್ತು."

"ಅವರು ಹೋದ್ರು. ಲೋಷನ್ ಇನ್ನೂ ಇಲ್ಲೇ ಇದೆಯಲ್ಲೋ. ಬಾಗಿಲಲ್ಲಿ ನಿಂತ ನನ್ನ ಮೂಗಿಗೂ ಬಂತು, ಆ ಮೂಲೆ ಕುರ್ಚಿಯಲ್ಲಿ ಕೂತಿದ್ರೆ ಅಪ್ಪನ ಮೂಗಿಗೂ ಬರ್ತಿತ್ತು. ಲೋಷನ್ ವಾಸನೆ ಹೇಗೆ ನಿಲ್ಲುತ್ತೋ, ಅವರು ಬಿಟ್ಟ ಉಸಿರೂ ಹಾಗೇ ನಿಲ್ಲುತ್ತೆ. ಅದಕ್ಕೆ ವಾಸನೆ ಇರಲ್ಲ, ನಮಗೆ ಗೊತ್ತಾಗಲ್ಲ, ಅಷ್ಟೇ ವ್ಯತ್ಯಾಸ. ಈ ಸೋಂಕು ಹೆಚ್ಚಾಗಿ ಹರಡೋದು ಉಸಿರಿಂದ. ಕೈ ತೊಳಿ, ಕುರ್ಚಿ ಒರೆಸು, ಬೇಡ ಅನ್ನಲ್ಲ. ಆದ್ರೆ ಗಾಳೀನ ಯಾವ ಬಟ್ಟೇಲಿ ಒರೆಸ್ತೀಯಾ?"

ತಮ್ಮ ಪೆಚ್ಚಾದ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು, ಆಗಲಿಲ್ಲ. "ಹಿಂದಿನ ಕಿಟಕಿ ತೆಗೆದ್ರೆ ಆಯ್ತಪ್ಪ," ಎಂದೆ.

ಇಬ್ಬರೂ ನನ್ನ ಮುಖ ನೋಡಿದರು.

"ಅಯ್ಯೋ, ಅದು ಅಪ್ಪ ಬಡಿದ ಮೊಳೆ ಅಕ್ಕಾ," ಎಂದ ಅವನು, ಮೆಲ್ಲಗೆ.

ವಿಷಯ ಏನೆಂದರೆ, ಅಂಗಡಿ ಶುರುವಾದ ದಿನವೇ ತಾತ ಹಿಂದಿನ ಕಿಟಕಿಗೆ ಮೊಳೆ ಹೊಡೆದು ಮುಚ್ಚಿದ್ದರು. ಗಾಳಿ ಬಂದರೆ ಕತ್ತರಿಸಿದ ಕೂದಲು ಹಾರುತ್ತದೆ, ಗಿರಾಕಿಯ ಕಣ್ಣಿಗೆ ಹೋಗುತ್ತದೆ, ಪಕ್ಕದವರ ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಕತ್ತರಿ ಆಡುವಾಗ ಫ್ಯಾನ್ ಕೂಡ ಹಾಕುವಂತಿರಲಿಲ್ಲ. ಎಂಥ ಸೆಖೆಯಲ್ಲೂ ಅಲ್ಲಿ ಬೆವರುತ್ತಲೇ ತಲೆ ಬಗ್ಗಿಸಿ ಕೂರಬೇಕು. ಮಗ ಅಪ್ಪನ ಮಾತನ್ನು ಒಮ್ಮೆಯೂ ಮೀರಿದವನಲ್ಲ. ಹೀಗೆ ಮುಚ್ಚಿದ ಅಂಗಡಿಯನ್ನೇ ಅವನು ಒರೆಸಿ ಒರೆಸಿ ಕಾಯುತ್ತಿದ್ದ.

"ನಡಿ, ಮೇಲೆ ಹೋಗೋಣ," ಎಂದಳು ನರ್ಸಕ್ಕ. ನಾನೂ ಹೋದೆ. ಅಲ್ಲಿವರೆಗೆ ಹೋಗಿ ವಾಪಸ್ ಬರಲು ನನಗೇನು ಹುಚ್ಚೆ?

ತಾತ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಮಗು ಅವರ ಗಡ್ಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸುತ್ತಿತ್ತು.

"ಅಪ್ಪ, ಕೆಳಗೆ ಬರ್ತೀಯಾ?" ಮಗಳು ಕೇಳಿದಳು.

ತಾತ ತಟ್ಟನೆ ನೆಟ್ಟಗಾದರು. "ಈಗ್ಲೇನಾ?"

"ಈಗ್ಲೇ ಅಲ್ಲ. ಮೊದಲು ಆ ಕಿಟಕಿ ಮೊಳೆ ಕೀಳಬೇಕು."

"ಆಗಲ್ಲ!" ಗಡ್ಡದ ಕ್ಲಿಪ್ಪುಗಳೆಲ್ಲ ಅಲ್ಲಾಡಿದವು. "ಗಾಳಿಗೆ ಬಾಗಿಲು ಬಿಟ್ಟು ಯಾರಾದ್ರೂ ಕಟಿಂಗ್ ಮಾಡ್ತಾರೇನೇ? ಗಿರಾಕಿ ಮನೆಗೆ ಹೋಗಿ ತುತ್ತು ಬಾಯಿಗಿಟ್ಟರೆ ತುತ್ತಲ್ಲೂ ಕೂದಲು!"

"ಸರಿ. ಹಾಗಾದ್ರೆ ಕುರ್ಚಿ ಹಾಗೇ ಖಾಲಿ ಇರಲಿ," ಎಂದಳು ಮಗಳು. ಜೋರು ಮಾಡಲಿಲ್ಲ. "ಕಿಟಕಿ ಮುಚ್ಚಿರೋವರೆಗೂ ನಿನ್ನನ್ನ ಅಲ್ಲಿ ಕೂರಿಸೋಕೆ ನನಗೆ ಧೈರ್ಯ ಇಲ್ಲಪ್ಪ. ನಿನ್ನ ಉಬ್ಬಸ ನಾನು ಕಂಡಿದ್ದೀನಿ."

ತಾತ ಗಡ್ಡದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ಮಗುವಿನ ಕೈಗೆ ಕೊಟ್ಟರು. ಕೊನೆಗೆ, "ಮಾತಾಡೋಕೆ ಯಾರೂ ಇಲ್ಲ ಕಣೇ," ಎಂದರು. ಮಗ ಅತ್ತ ತಿರುಗಿ ಮಗುವಿನ ಕೈಯಿಂದ ಕ್ಲಿಪ್ ಬಿಡಿಸುವಂತೆ ನಟಿಸಿದ.

ತಾತ ಎದ್ದರು. ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿಕೊಂಡು, ಗಡ್ಡವನ್ನು ಅಂಗಿಯೊಳಗೆ ತುರುಕಿ, ಗೋಡೆ ಹಿಡಿದು ಮೆಟ್ಟಿಲಿಳಿದರು. ಖಾಲಿ ಅಂಗಡಿಯ ನಡುವೆ ನಿಂತು ಕಿಟಕಿ ನೋಡಿದರು, ಬಾಗಿಲು ನೋಡಿದರು, ಗಿರಾಕಿ ಕುರ್ಚಿ ನೋಡಿದರು. ಆಮೇಲೆ ಮಗನಿಗೆ, "ಇಕ್ಕಳ ಕೊಡು," ಎಂದರು.

ಮೊಳೆ ತುಕ್ಕು ಹಿಡಿದಿತ್ತು. ನಡುಗುವ ಕೈಯಲ್ಲಿ ಇಕ್ಕಳ ನಿಲ್ಲಲಿಲ್ಲ. ಮಗ ಅವರ ಕೈ ಮೇಲೆ ಕೈ ಇಟ್ಟು ಎಳೆದ. ಮೊಳೆಗಳೆಲ್ಲ ಕಿತ್ತು ಬಂದು ಕಿಟಕಿ ಕಿರುಗುಟ್ಟುತ್ತ ತೆರೆಯಿತು. ಹಿಂದಿನ ಓಣಿಯ ಗಾಳಿ ಒಳಗೆ ಬಂದು ಮುಂದಿನ ಬಾಗಿಲಿಂದ ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ನರ್ಸಕ್ಕ ಮತ್ತೆ ಮೂಗು ಅರಳಿಸಿದಳು. ಲೋಷನ್ ವಾಸನೆ ಇರಲಿಲ್ಲ.

"ಕೂದಲಿಗೇನು ಮಾಡೋಣ ಅಪ್ಪ?" ಮಗ ಕೇಳಿದ.

"ನೀರು ಚಿಮುಕಿಸಿ, ಚೆನ್ನಾಗಿ ಒದ್ದೆ ಮಾಡಿ ಕತ್ತರಿಸು. ಒದ್ದೆ ಕೂದಲು ಎಲ್ಲಿಗೆ ಹಾರುತ್ತೆ? ಕುರ್ಚಿ ಈ ಕಡೆ ತಿರುಗಿಸು, ಗಾಳಿ ಬೆನ್ನಿಗೆ ಬರಲಿ, ಮುಖಕ್ಕಲ್ಲ." ನರ್ಸಕ್ಕನಿಗೂ ನನಗೂ ನಗು ತಡೆಯಲಾಗಲಿಲ್ಲ. ಉಪಾಯ ಇಷ್ಟು ದಿನ ಅವರ ಹತ್ತಿರವೇ ಇತ್ತು, ಯಾರೂ ಕೇಳಿರಲಿಲ್ಲ.

"ಇನ್ನೊಂದಿದೆ," ಎಂದಳು ಮಗಳು. "ಕೊರೊನಾದ ಮೂರನೇ ಇಂಜೆಕ್ಷನ್ ಬಾಕಿ ಇದೆ."

"ಎರಡು ಹಾಕಿಸ್ಕೊಂಡೆನಲ್ಲ! ಎಷ್ಟು ಸಲ ಚುಚ್ಚಿಸ್ಕೊಳ್ಳೋದು?"

"ಅಪ್ಪ, ನಿನ್ನ ಗಿರಾಕಿಗಳಿಗೆ ಒಂದೇ ಸಲ ಗಡ್ಡ ಬೋಳಿಸಿ, ಇನ್ನು ಸಾಯೋವರೆಗೂ ಬರಬೇಡಿ ಅಂತ ಕಳಿಸ್ತಿದ್ದೆಯಾ? ಇಂಜೆಕ್ಷನ್ ಶಕ್ತೀನೂ ದಿನ ಕಳೆದ ಹಾಗೆ ಕಮ್ಮಿಯಾಗುತ್ತೆ. ವಯಸ್ಸಾದವರಿಗೆ, ಉಬ್ಬಸ ಇರೋರಿಗೆ ಮತ್ತೆ ಬೇಕೇ ಬೇಕು."

"ನನ್ನ ಕಸುಬೇ ಹಿಡ್ಕೊಂಡು ನನಗೇ ಬುದ್ಧಿ ಹೇಳ್ತಾಳೆ ನೋಡಮ್ಮ ದರ್ಜಿ," ಎಂದು ನನ್ನ ಕಡೆ ತಿರುಗಿದರು. ಆದರೂ ಮರುದಿನ ಬೆಳಗ್ಗೆ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಎಲ್ಲರಿಗಿಂತ ಮೊದಲು ಕೂತಿದ್ದವರು ಅವರೇ. ಅಲ್ಲಿಯೂ ಮಾತು ಶುರು ಮಾಡಿದ್ದರಂತೆ. ಇಂಜೆಕ್ಷನ್ ಕೆಲಸ ಮಾಡಲಿ ಎಂದು ಇನ್ನಷ್ಟು ದಿನ ಮನೆಯಲ್ಲೇ ಕಾದರು. ಈ ಸಲ ಕಾಯುವಾಗ ಬಾಲ್ಕನಿಯಿಂದ ಕೂಗು ಕೇಳುತ್ತಿತ್ತು.

ಕೊನೆಗೂ ಆ ದಿನ ಬಂತು. ಬೆಳಗ್ಗೆ ಬೇರೆ ಗಿರಾಕಿಗಳು ಬರುವ ಮುಂಚೆಯೇ ತಾತ ಗಿರಾಕಿ ಕುರ್ಚಿಯಲ್ಲಿ ಕೂತರು. ಮಗ ಮಾಸ್ಕ್ ಹಾಕಿಕೊಂಡೇ ಅಪ್ಪನ ಗಡ್ಡಕ್ಕೆ ನೀರು ಚಿಮುಕಿಸಿದ, ಕತ್ತರಿ ಆಡಿಸಿದ, ನೊರೆ ಹಚ್ಚಿದ, ಹೊಸ ಬ್ಲೇಡ್ ಹಾಕಿದ. ನಾನು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದೆ. ಆ ಕೆನ್ನೆ ಇಷ್ಟು ಬತ್ತಿಹೋಗಿದೆ ಎಂದು ಆಗಲೇ ಗೊತ್ತಾಗಿದ್ದು. ಮಗನಿಗೂ ಆಗಲೇ ಗೊತ್ತಾಗಿರಬೇಕು, ಬ್ಲೇಡ್ ಹಿಡಿದ ಕೈ ಒಂದು ಗಳಿಗೆ ನಿಂತಿತು. "ಏನೋ, ಕೆಲಸ ಮರೆತೋಯ್ತಾ?" ಎಂದರು ತಾತ, ಕಣ್ಣು ಮುಚ್ಚಿಕೊಂಡೇ.

ಅಷ್ಟರಲ್ಲಿ ಬೀಗ ರಿಪೇರಿಯವನು ಬಂದ. ಬಾಗಿಲ ಹತ್ತಿರ ಬಂದವನೇ ಕೆಮ್ಮಿದ. "ಏನಿಲ್ಲ, ಬರೀ ಗಂಟಲು ಕೆರೆತ," ಎಂದ.

"ಅಲ್ಲೇ ನಿಲ್ಲಪ್ಪ," ಎಂದರು ತಾತ. "ಬೀದಿಯಲ್ಲೇ ದೂರ ನಿಂತು ಮಾತಾಡು. ನಿನ್ನ ಮೇಲೆ ಕೋಪ ಇಲ್ಲ, ನಿನ್ನ ಕೆಮ್ಮಿನ ಮೇಲೆ. ಹೋಗಿ ಟೆಸ್ಟ್ ಮಾಡಿಸು, ವಾಸಿಯಾದ ಮೇಲೆ ಬಾ. ಕೂದಲು ಓಡಿ ಹೋಗಲ್ಲ, ನಾವೂ ಓಡಿ ಹೋಗಲ್ಲ." ಅವನಿಗೆ ಸ್ವಲ್ಪ ಬೇಜಾರಾಯಿತು. ಆದರೂ ಹೋದ. ಟೆಸ್ಟಿನಲ್ಲಿ ಸೋಂಕು ಇದೆ ಎಂದೇ ಬಂತು. ಅವನೂ ಮನೆಯಲ್ಲೇ ಇದ್ದು ಗುಣವಾದ, ಅವನಿಂದ ಈ ಅಂಗಡಿಯಲ್ಲಿ ಯಾರಿಗೂ ಹತ್ತಲಿಲ್ಲ.

ಗಡ್ಡ ಮುಗಿದ ಮೇಲೆ ಸೊಸೆ ಮಗುವನ್ನು ಕೆಳಗೆ ತಂದಳು. ಮಗು ನುಣ್ಣಗಿನ ಆ ಮುಖ ನೋಡಿ ಗೋಳೋ ಎಂದು ಅಳಲು ಶುರುಮಾಡಿತು. ತಾತನ ಮುಖ ಸಣ್ಣಗಾಯಿತು. "ಯಾರೇ ಅದು ನನ್ನ ಅಂಗಡೀಲಿ ಅಳೋದು?" ಎಂದರು. ದನಿ ಕೇಳಿದ್ದೇ ಮಗು ಅಳು ನಿಲ್ಲಿಸಿತು. ಕೈ ಚಾಚಿ ಗಲ್ಲ ಮುಟ್ಟಿತು, ಮತ್ತೆ ಮುಟ್ಟಿತು. ಆಮೇಲೆ ಕ್ಲಿಪ್ ಸಿಕ್ಕಿಸಲು ಜಾಗ ಹುಡುಕಿ, ಸಿಗದೆ, ಕಿವಿಗೇ ಸಿಕ್ಕಿಸಿತು.

ತಾತ ಈಗ ದಿನಾ ಬರುತ್ತಾರೆ. ಮರದ ಕುರ್ಚಿಯನ್ನು ಮೂಲೆಯಿಂದ ಎತ್ತಿ ಕಿಟಕಿ ಪಕ್ಕ ಹಾಕಿದ್ದಾರೆ. ಅಂಗಡಿಯೊಳಗಿನವರ ಜೊತೆಗೆ ಓಣಿಯಲ್ಲಿ ಹೋಗುವವರಿಗೂ ಬಿಡುಗಡೆಯಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಡಿಯಲ್ಲಿ, ತರಗತಿಯಲ್ಲಿ, ಸಭೆ ಸೇರುವ ಕೋಣೆಯಲ್ಲಿ ಒಮ್ಮೆ ಸುತ್ತ ನೋಡಿ. ಮುಚ್ಚಿದ ಕಿಟಕಿ ಇದ್ದರೆ ಇವತ್ತೇ ತೆರೆಯಿರಿ. ಕೆಮ್ಮು ಜ್ವರ ಬಂದರೆ ಮನೆಯಲ್ಲಿರಿ, ಟೆಸ್ಟ್ ಮಾಡಿಸಿ. ಬಾಕಿ ಇರುವ ಇಂಜೆಕ್ಷನ್ ಹಾಕಿಸಿಕೊಳ್ಳಿ, ಹಿರಿಯರಿಗೂ ಹಾಕಿಸಿ. ಎಲ್ಲ ಮೊದಲಿನಂತಾಯಿತು ಎಂದು ಹೇಳುವ ಮುಂಚೆ ನಿಮ್ಮಲ್ಲಿ ಯಾರ ಕುರ್ಚಿ ಇನ್ನೂ ಖಾಲಿ ಇದೆ ನೋಡಿ. ಅವರು ಮೇಲೆಲ್ಲೋ ಕೂತು, ನೀವು ಕರೆಯಲಿ ಎಂದು ಕಾಯುತ್ತಿರಬಹುದು.