ಎಡಭುಜದ ಪಿನ್ನು

ಆ ಹೆರಿಗೆ ಆಸ್ಪತ್ರೆಯಲ್ಲಿ ಅವಳನ್ನು ಯಾರೂ ಸಿಸ್ಟರ್ ಅನ್ನುತ್ತಿರಲಿಲ್ಲ, ಕೊಳವೆಯಕ್ಕ ಅನ್ನುತ್ತಿದ್ದರು. ಗೇಣುದ್ದದ ಮರದ ಕೊಳವೆ, ಒಂದು ತುದಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ಅವಳ ಬಲಗಿವಿಗೆ. ಮಗುವಿನ ಎದೆಬಡಿತ ಕೇಳಿಸುವ ಮಿಷನ್ನು ಅಲ್ಲಿಗೂ ಬಂದಿತ್ತು, ಬಂದಷ್ಟೇ ಬೇಗ ಕೆಟ್ಟು ಬೀರು ಸೇರಿತ್ತು. ಆಮೇಲೆ ಕೊಳವೆಯಕ್ಕನೇ ಗತಿ. "ಗುಂಡುಕಲ್ಲಿನ ಹಾಗಿದೆ, ಹೋಗಿ ಹೊಟ್ಟೆ ತುಂಬ ಉಣ್ಣು" ಅಂತ ಅವಳು ಅಂದರೆ ಮುಗಿಯಿತು, ಡಾಕ್ಟರು ಬೇರೆ ಹೇಳಬೇಕಿರಲಿಲ್ಲ.

ಆದರೆ ಆ ಕಿವಿ ತಿಂಗಳೆಲ್ಲ ಒಂದೇ ಥರ ಇರುತ್ತಿರಲಿಲ್ಲ ನೋಡಿ. ಮುಟ್ಟಾಗುವ ಮುಂಚಿನ ಕೆಲವು ದಿನ ಬಲಗಿವಿಗೆ ಯಾರೋ ಒದ್ದೆ ಹತ್ತಿ ತುರುಕಿದ ಹಾಗಾಗುತ್ತಿತ್ತು. ಜನರ ಮಾತು ಕೇಳುತ್ತಿತ್ತು, ಬಸ್ಸಿನ ಹಾರ್ನು ಬೇಡವೆಂದರೂ ಕೇಳುತ್ತಿತ್ತು, ಸಣ್ಣ ಸದ್ದು ಮಾತ್ರ ಮಾಯ. ಮುಟ್ಟು ಬಂದ ಕೂಡಲೇ ಕಿವಿ ಬಿಟ್ಟುಕೊಳ್ಳುತ್ತಿತ್ತು. ಕಿವಿ ಡಾಕ್ಟರಿಗೆ ತೋರಿಸಿದಾಗ, "ಹೆಂಗಸರ ಮೈಯಲ್ಲಿ ಹಾರ್ಮೋನು ತಿಂಗಳಿಡೀ ಏರ್ತಾ ಇಳೀತಾ ಇರುತ್ತೆ. ಕೆಲವರಿಗೆ ಒಳಗಿವಿಯ ನೀರೂ ಅದರ ಜೊತೆ ಏರುಪೇರಾಗುತ್ತೆ. ಗಾಬರಿಯಾಗಬೇಡಿ" ಅಂದರು. ಗಾಬರಿಯಾಗಬೇಡಿ! ಕಿವಿಯಿಂದಲೇ ಅನ್ನ ತಿನ್ನುವವಳಿಗೆ ಹೇಳೋ ಮಾತೇ ಅದು?

ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ತಂಗಿ. ಇನ್ನೊಬ್ಬಳು ಜೊತೆಯ ನರ್ಸು, ಬಾಯಿಬಡುಕಿ ಅಂತಲೇ ಆಸ್ಪತ್ರೆಗೆಲ್ಲ ಗೊತ್ತು. ಈ ಒಂದು ವಿಷಯದಲ್ಲಿ ಮಾತ್ರ ಅವಳು ತುಟಿ ಬಿಚ್ಚಿದವಳಲ್ಲ. ನರ್ಸುಗಳಿಬ್ಬರೂ ಸೇರಿ ಒಂದು ಉಪಾಯ ಮಾಡಿಕೊಂಡಿದ್ದರು. ಕೊಳವೆಯಕ್ಕನ ಬಿಳಿ ಕೋಟಿನ ಬಲಭುಜದಲ್ಲಿ ಒಂದು ಪಿನ್ನು ಇರುತ್ತಿತ್ತು. ಅದು ಎಡಭುಜಕ್ಕೆ ಬಂತೋ, ಕಿವಿ ಕಟ್ಟಿದೆ ಅಂತ ಅರ್ಥ. ಆ ದಿನ ಕೊಳವೆಯಕ್ಕ ನೋಡಿದ ಪ್ರತಿ ಬಸುರಿಯನ್ನೂ ಬಾಯಿಬಡುಕಿ ಏನಾದರೂ ನೆಪ ತೆಗೆದು ಇನ್ನೊಮ್ಮೆ ಮಲಗಿಸಿ ಕೇಳುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆದಿತ್ತು, ಒಂದು ಜೀವಕ್ಕೂ ತೊಂದರೆಯಾಗಿರಲಿಲ್ಲ.

ಹಿಂದಿನ ತಿಂಗಳು ಒಂದು ಫಜೀತಿಯಾಯಿತು. ಪಿನ್ನು ಎಡಕ್ಕಿದ್ದ ದಿನವೇ ಬಾಯಿಬಡುಕಿ ರಜೆ ಹಾಕಿದ್ದಳು. ಒಬ್ಬ ಬಸುರಿಯ ಹೊಟ್ಟೆಯಲ್ಲಿ ಏನೂ ಕೇಳಲಿಲ್ಲ. ಕೊಳವೆಯಕ್ಕ ಗಾಡಿ ತರಿಸಿ, ಅತ್ತು ಕರೆದು ಅವಳನ್ನು ದೊಡ್ಡಾಸ್ಪತ್ರೆಗೆ ಓಡಿಸಿದಳು. ಅಲ್ಲಿ ನೋಡಿದರೆ ಮಗು ಒಳಗೆ ಕಾಲು ಜಾಡಿಸುತ್ತ ಸುಖವಾಗಿದೆ! ಬಸುರಿಯ ಅತ್ತೆ ಮರುದಿನ ಆಸ್ಪತ್ರೆಯ ಬಾಗಿಲಲ್ಲೇ ನಿಂತು, "ಬದುಕಿರೋ ಕೂಸನ್ನ ಸಾಯಿಸಿಬಿಟ್ಟಿದ್ಯಲ್ಲೇ, ನಿನ್ನ ಕಿವಿಗೆ ಬೆಂಕಿ ಬೀಳ" ಅಂತ ಅವಳ ಮಾನ ಹರಾಜು ಹಾಕಿ ಹೋದಳು. ಬಾಯಿಬಡುಕಿಯೂ ವಾರವೆಲ್ಲ "ಹಗ್ಗ ನೋಡಿ ಹಾವು ಅಂದಳು ನಮ್ಮಕ್ಕ" ಅಂತ ಆಡಿಕೊಂಡಳು. ತಮಾಷೆಗೇ ಅಂದದ್ದು, ಆದರೂ ಕೊಳವೆಯಕ್ಕನಿಗೆ ಅದು ಮುಳ್ಳಾಗಿ ನಾಟಿತು. ಇನ್ನು ಮೇಲೆ ಕಿವಿ ಕಟ್ಟಿದ ದಿನ ಏನೂ ಕೇಳದಿದ್ದರೆ ಅದು ಕಿವಿಯದೇ ದೋಷ, ಸುಮ್ಮನೆ ಊರು ಎಬ್ಬಿಸಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು.

ಕಿವಿ ಮತ್ತೆ ಕಟ್ಟಿದ ದಿನಗಳಲ್ಲೇ ಒಂದು ಭಾನುವಾರ ಮಧ್ಯಾಹ್ನ ತಂಗಿ ಅಕ್ಕನ ಮನೆಗೆ ಬಂದಳು. ಅವಳು ಟೈಲರು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವವಳು. ಮದುವೆಯಾಗಿ ಎಷ್ಟೋ ವರ್ಷ ಕಾದು ಕಾದು, ಎರಡು ಸಲ ಇಳಿದುಹೋಗಿ, ಕೊನೆಗೂ ನಿಂತ ಬಸುರು. ದಿನ ತುಂಬುತ್ತ ಬಂದಿತ್ತು. ಉಳಿದ ಬಟ್ಟೆಯ ತುಂಡುಗಳಲ್ಲಿ ಹೊಲಿದ ಒಂದು ಅಂಗಿಯನ್ನು ಅಕ್ಕನ ಮುಂದೆ ಹಿಡಿದು, "ಕಾಲರ್ ನೋಡು, ಹೆಡ್‌ಮಾಸ್ಟರ್ ಥರ ಕಾಣ್ತಾನೆ" ಅಂತ ನಕ್ಕಳು. ನಗು ನಿಲ್ಲಿಸಿ, "ಅಕ್ಕಾ, ನಿನ್ನೆ ಸಂಜೆಯಿಂದ ಯಾಕೋ ಒದೀತಾನೇ ಇಲ್ಲ. ಮುನಿಸಿಕೊಂಡಿದಾನಾ?" ಅಂದಳು.

"ಒಳಗೆ ಜಾಗ ಎಲ್ಲಿದೆ ಈಗ, ಒದೆಯೋಕೆ? ಬಾ ಇಲ್ಲಿ, ಮಲಗು."

ಕೊಳವೆಯಕ್ಕ ಕೊಳವೆ ಇಟ್ಟು ಕಿವಿ ಕೊಟ್ಟಳು. ಏನೂ ಇಲ್ಲ. ಜಾಗ ಬದಲಿಸಿದಳು, ಉಸಿರು ಹಿಡಿದಳು, ಎಡಗಿವಿಯನ್ನೂ ಇಟ್ಟು ನೋಡಿದಳು. ಅದು ಅಭ್ಯಾಸವಿಲ್ಲದ ಕಿವಿ, ಅದಕ್ಕೇನು ತಿಳಿಯಬೇಕು? ಬಾಯಿಬಡುಕಿಯ ಮನೆ ಎರಡೇ ಬೀದಿ ಆಚೆ. ಬಾಗಿಲಿಗೆ ಹೋಗಿ ಚಪ್ಪಲಿಯನ್ನೂ ಮೆಟ್ಟಿದಳು. ಅಷ್ಟರಲ್ಲಿ ಹಿಂದಿನ ತಿಂಗಳ ಅತ್ತೆ ನೆನಪಾದಳು, ಹಗ್ಗ ನೆನಪಾಯಿತು, ಹಾವು ನೆನಪಾಯಿತು. ಥೂ, ರಜೆ ದಿನ ಅವಳನ್ನು ಎಳೆದು ತಂದು ಮತ್ತೆ ನಗೆಪಾಟಲಾಗಬೇಕೆ ಅಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಏನಕ್ಕಾ, ಕೇಳಿಸ್ತಾ?"

"ನನ್ನ ಕಿವಿಗೆ ಈಗ ಆ ದಿನಗಳು ಕಣೆ. ಗುಡುಗಿದರೂ ಗೊಣಗಿದ ಹಾಗೆ ಕೇಳುತ್ತೆ. ನಾಳೆ ನಾಳಿದ್ದರಲ್ಲಿ ಬಿಟ್ಟುಕೊಳ್ಳುತ್ತೆ, ಆಗ ನಿನ್ನ ಹೆಡ್‌ಮಾಸ್ಟರನ್ನ ವಿಚಾರಿಸಿಕೊಳ್ತೀನಿ."

ತಂಗಿಯ ಮುಖ ಅರಳಿತು. "ಸದ್ಯ, ತಪ್ಪು ನಿನ್ನ ಕಿವಿದು! ನಾನು ಹೆದರಿ ಸತ್ತೇಹೋಗಿದ್ದೆ." ಇಬ್ಬರೂ ಟೀ ಕುಡಿದರು. ತಂಗಿ ಅಂಗಿ ಮಡಿಸಿಕೊಂಡು ಮನೆಗೆ ಹೋದಳು.

ಮರುದಿನ ಬೆಳಗ್ಗೆ ಬಚ್ಚಲಲ್ಲಿ ಕೊಳವೆಯಕ್ಕನಿಗೆ ಮುಟ್ಟು ಕಂಡಿತು. ಮುಖ ತೊಳೆಯುವಾಗ ಕಿವಿ ಪಟ್ಟನೆ ಬಿಟ್ಟಿತು. ನಲ್ಲಿಯ ಹನಿ ಬಕೆಟ್ಟಿಗೆ ಬೀಳುವುದು ಕೇಳಿತು, ಪಕ್ಕದ ಮನೆಯವರ ಚಮಚ ಲೋಟಕ್ಕೆ ತಾಗಿದ್ದು ಕೇಳಿತು. ಅಬ್ಬ, ಹೋದ ಜೀವ ಬಂದಂತಾಯಿತು ಅವಳಿಗೆ. ತಿಂಡಿಯನ್ನೂ ತಿನ್ನದೆ ಕೊಳವೆ ಚೀಲಕ್ಕೆ ಹಾಕಿಕೊಂಡು ತಂಗಿಯ ಮನೆಗೆ ನಡೆದಳು.

ತಂಗಿ ಹೊಲಿಗೆ ಮಿಷನ್ನಿನ ಮುಂದಿನಿಂದ ಎದ್ದು ಬಂದು ಮಂಚದ ಮೇಲೆ ಮಲಗಿದಳು. ಕೊಳವೆಯಕ್ಕ ಕಿವಿ ಇಟ್ಟಳು. ಎಲ್ಲ ಕೇಳಿತು. ತಂಗಿಯ ರಕ್ತ ಸುಯ್ ಸುಯ್ ಅಂತ ಹರಿಯುವುದು ಕೇಳಿತು, ಕರುಳು ಗುಳುಗುಳು ಅಂದದ್ದು ಕೇಳಿತು, ಗೋಡೆಯ ಗಡಿಯಾರ ಕೂಡ ಕೇಳಿತು. ಕೇಳಬೇಕಾಗಿದ್ದ ಆ ಒಂದು ಸದ್ದು ಎಲ್ಲೂ ಇರಲಿಲ್ಲ. ಹೊಟ್ಟೆಯ ಮೂಲೆಮೂಲೆ ಹುಡುಕಿದಳು, ಇರಲಿಲ್ಲ.

"ಕಿವಿ ಬಿಡ್ತಾ ಅಕ್ಕಾ?"

"ಇನ್ನೂ ಇಲ್ಲ ಕಣೆ" ಅಂದುಬಿಟ್ಟಳು. "ಏಳು, ಬಾಯಿಬಡುಕಿ ಕೇಳ್ತಾಳೆ."

ಆಸ್ಪತ್ರೆಗೆ ಹೋಗಿ ಕೋಟು ಹಾಕಿಕೊಂಡು ಪಿನ್ನನ್ನು ಎಡಭುಜಕ್ಕೆ ಚುಚ್ಚಿದಳು. ಬಾಯಿಬಡುಕಿ ಅದನ್ನು ನೋಡಿ, "ಏನಕ್ಕಾ, ಕಿವಿ ಇನ್ನೂ ಮುಷ್ಕರ ಬಿಟ್ಟಿಲ್ವಾ?" ಅಂತ ಎಂದಿನ ಗಂಟಲಲ್ಲಿ ಕೇಳುತ್ತಲೇ ತಂಗಿಯ ಹೊಟ್ಟೆಗೆ ಕೊಳವೆ ಇಟ್ಟಳು. ಇಟ್ಟವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಕೊನೆಗೆ ಎದ್ದು ಬಾಗಿಲ ಹತ್ತಿರ ಕೊಳವೆಯಕ್ಕನ ಬಲಗಿವಿಯ ಕಡೆ ಬಂದು, ತನ್ನಷ್ಟಕ್ಕೇ ಅನ್ನುವಷ್ಟು ಮೆಲ್ಲಗೆ, "ಯಾವಾಗಿಂದ?" ಅಂದಳು.

"ನಿನ್ನೆ ನೋಡಿದೆ. ಕೇಳಲಿಲ್ಲ."

ಆ ಪಿಸುಮಾತಿಗೂ ಉತ್ತರ ಬಂದದ್ದು ಕಂಡು ಬಾಯಿಬಡುಕಿ ಪಿನ್ನು ನೋಡಿದಳು, ಅವಳ ಮುಖ ನೋಡಿದಳು. ಕಿವಿ ಆಗಲೇ ಬಿಟ್ಟಿದೆ, ಪಿನ್ನು ಸುಳ್ಳು ಅಂತ ಅವಳಿಗೆ ತಿಳಿಯಿತು. "ಡಾಕ್ಟರನ್ನ ಕರೀತೀನಿ" ಅಂತ ಓಡಿದಳು. ಜನ್ಮದಲ್ಲಿ ಅವಳು ಅಷ್ಟು ಕಡಿಮೆ ಮಾತಾಡಿದ್ದು ಅದೇ ಮೊದಲು.

ಕೊಳವೆಯಕ್ಕ ಗೋಡೆಗೆ ಆತುಕೊಂಡಳು. ನಿನ್ನೆ ಕೇಳದೇ ಹೋದದ್ದು ಕಿವಿ ಕಟ್ಟಿದ್ದಕ್ಕೋ, ಆಗಲೇ ಒಳಗೆ ಮುಗಿದಿದ್ದಕ್ಕೋ? ಕೂಸಿನ ಗುಂಡಿಗೆ ನಿನ್ನೆ ಬಡಿಯುತ್ತಲೇ ಇತ್ತೋ, ಅವಳ ಹತ್ತಿ ತುಂಬಿದ ಕಿವಿಯ ಆಚೆ ಕರೆದು ಕರೆದು ಸೋತಿತೋ? ಚಪ್ಪಲಿ ಮೆಟ್ಟಿ ಎರಡು ಬೀದಿ ನಡೆದಿದ್ದರೆ ಗೊತ್ತಾಗುತ್ತಿತ್ತು. ಇನ್ನು ಯಾವ ಡಾಕ್ಟರು ಬಂದರೂ ಅದು ಗೊತ್ತಾಗುವುದಿಲ್ಲ.

ತಂಗಿ ಮಂಚದ ಮೇಲೆ ಎದ್ದು ಕೂತಿದ್ದಳು. ಓಡಿದ ಬಾಯಿಬಡುಕಿಯನ್ನೂ ಗೋಡೆಗೆ ಆತು ನಿಂತ ಅಕ್ಕನನ್ನೂ ನೋಡಿದಳು. ಎರಡು ಕೈಯನ್ನೂ ಹೊಟ್ಟೆಗೆ ಅವಚಿಕೊಂಡಳು.

"ಅಕ್ಕಾ, ನಿನ್ನೆ ಹೇಳಿದ್ಯಲ್ಲ, ತಪ್ಪು ನಿನ್ನ ಕಿವಿದು ಅಂತ. ಇವತ್ತೂ ಹಾಗೇ ಹೇಳೇ. ನಿನ್ನ ಕಾಲಿಗೆ ಬೀಳ್ತೀನಿ, ಕಿವಿದೇ ತಪ್ಪು ಅಂತ ಹೇಳೇ."

ಕೊಳವೆಯಕ್ಕ ಎಡಭುಜದ ಪಿನ್ನು ಬಿಚ್ಚಿ, ಬಲಭುಜಕ್ಕೆ ಚುಚ್ಚಿಕೊಂಡಳು. ಆ ಪಿನ್ನಿನ ಅರ್ಥ ತಂಗಿಗೂ ಗೊತ್ತಿತ್ತು.