ಕೊನೇ ಪ್ಯಾರಾದ ಎಂಟು ಸಾಲು

ಟಿಣ್.

ಜಾಹೀರಾತು ವಿಭಾಗದಿಂದ ಫೈಲ್ ಬಂದಾಗ ನನ್ನ ಕಂಪ್ಯೂಟರ್ ಹೀಗೆ ಸಣ್ಣಗೆ ಸದ್ದು ಮಾಡುತ್ತದೆ. ಹಗಲಿನಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಶುಕ್ರವಾರ ರಾತ್ರಿ ಹನ್ನೊಂದೂಕಾಲಿಗೆ ಪತ್ರಿಕೆಯ ಡೆಸ್ಕಿನಲ್ಲಿ ನಾನು ಮತ್ತು ಪುಟ ಕಟ್ಟುವವರು ಇಬ್ಬರೇ ಇದ್ದುದರಿಂದ ಇಬ್ಬರಿಗೂ ಕೇಳಿಸಿತು.

"ಹಾಸಿಗೆ ಅಂಗಡಿಯೋರು," ಎಂದರು ಅವರು. "ಸಾಂಸ್ಕೃತಿಕ ಪುಟದ ಬುಡದಲ್ಲೇ ಬೇಕಂತೆ. ಮೇಡಂ, ನಾಟಕದ ವಿಮರ್ಶೆ ಎಂಟು ಸಾಲು ಇಳಿಸಿಕೊಡಿ. ಹತ್ತು ನಿಮಿಷ ಇದೆ."

ಎಂಟು ಸಾಲು ಕತ್ತರಿಸುವುದು ನನಗೆ ಹೊಸದಲ್ಲ. ಹನ್ನೊಂದು ವರ್ಷದಿಂದ ಅದೇ ನನ್ನ ಉದ್ಯೋಗ. ಅವಸರವಿದ್ದಾಗ ಕೆಳಗಿನಿಂದ ಕತ್ತರಿಸಬೇಕು ಎಂಬುದು ನಮ್ಮಲ್ಲಿ ನಿಯಮ. ಮುಖ್ಯವಾದದ್ದು ಮೇಲಿರುತ್ತದೆ ಎಂಬ ನಂಬಿಕೆಯ ಮೇಲೆ ಆ ನಿಯಮ ನಿಂತಿದೆ. ನಮ್ಮ ನಾಟಕ ವಿಮರ್ಶಕರ ವಿಷಯದಲ್ಲಿ ಮಾತ್ರ ಅದು ತಲೆಕೆಳಗು. ಅವರು ಮೊದಲು ರಂಗಸಜ್ಜಿಕೆಯನ್ನು ವರ್ಣಿಸುತ್ತಾರೆ, ಆಮೇಲೆ ಕಥೆ ಹೇಳುತ್ತಾರೆ, ಬೆಳಕು ಬಿಟ್ಟವರನ್ನೂ ಬಾಗಿಲಲ್ಲಿ ಟಿಕೆಟ್ ಹರಿದವರನ್ನೂ ನೆನೆಯುತ್ತಾರೆ. ಕೊನೆಯ ಪ್ಯಾರಾಕ್ಕೆ ಬಂದ ಮೇಲೆ ಕೊಲ್ಲುತ್ತಾರೆ. ನಾಟಕದವರೆಲ್ಲ ಅವರನ್ನು 'ಕೊನೇ ಪ್ಯಾರಾ' ಎಂದೇ ಕರೆಯುವುದು. ಅವರ ವಿಮರ್ಶೆಯನ್ನು ಓದುವುದೂ ಕೆಳಗಿನಿಂದ ಮೇಲಕ್ಕೆ.

ಅಂದಿನ ವಿಮರ್ಶೆ ನನ್ನ ಅಕ್ಕನ ನಾಟಕದ್ದು.

ಇದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅಕ್ಕ ರಂಗಕ್ಕೆ ಬೇರೆ ಹೆಸರು ಇಟ್ಟುಕೊಂಡಿದ್ದಾಳೆ, ನಾನೂ ಹೇಳಿಕೊಂಡಿಲ್ಲ. ಬರೆದದ್ದು ಅವಳೇ, ನಾಯಕಿಯೂ ಅವಳೇ. ಹಲ್ಲಿನ ಡಾಕ್ಟರಮ್ಮನೊಬ್ಬಳ ಮೇಲೆ ಮನಸ್ಸಾದ ಗಡಿಯಾರ ರಿಪೇರಿಯವನು ವಾರಕ್ಕೊಂದು ಹಲ್ಲು ನೋಯುತ್ತದೆ ಎಂದು ಸುಳ್ಳು ಹೇಳಿಕೊಂಡು ಬರುತ್ತಾನೆ. ಎರಡನೇ ಹಲ್ಲಿಗೇ ಅವಳಿಗೆ ಗೊತ್ತಾಗುತ್ತದೆ, ಆದರೂ ಏಳು ಹಲ್ಲು ನೋಡುತ್ತಾಳೆ. ಇಷ್ಟೇ ಕಥೆ. ಅಕ್ಕನ ಹಿಂದಿನ ಮೂರು ನಾಟಕಗಳೂ ಒಂದೊಂದೇ ವಾರಕ್ಕೆ ಮುಚ್ಚಿದ್ದವು. ಭಾನುವಾರ ಅರ್ಧ ಸಭಾಂಗಣವಾದರೂ ತುಂಬದಿದ್ದರೆ ಇದನ್ನೂ ನಿಲ್ಲಿಸುವುದಾಗಿ ರಂಗಮಂದಿರದ ಮ್ಯಾನೇಜರ್ ಹೇಳಿಯಾಗಿತ್ತು.

"ಇದೂ ನಿಂತರೆ ನಾನಿನ್ನು ಬಣ್ಣ ಹಚ್ಚಲ್ಲ ಕಣೇ," ಎಂದಿದ್ದಳು ಅಕ್ಕ, ತಟ್ಟೆ ಒರೆಸುತ್ತ. ಜೋರಾಗಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕೊನೆಯ ಪ್ಯಾರಾ ಹೀಗಿತ್ತು: "ಆದರೆ ಹೊರಗೆ ಜೋರು ಮಳೆಯಿತ್ತು ಎಂಬುದನ್ನು ಮರೆಯುವಂತಿಲ್ಲ. ನಾಯಕಿ ತಮ್ಮ ಮಾತಿಗೆ ತಾವೇ ಮೊದಲು ನಕ್ಕುಬಿಡುತ್ತಾರೆ, ಪ್ರೇಕ್ಷಕರಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಹಲ್ಲು ಕೀಳಿಸಿಕೊಳ್ಳುವುದು ಇದಕ್ಕಿಂತ ಬೇಗ ಮುಗಿಯುತ್ತದೆ."

ಎಣಿಸಿದೆ. ಎಂಟು ಸಾಲು. ಮೇಲಿದ್ದ ಕಥಾಸಾರವನ್ನೂ ಎಣಿಸಿದೆ. ಅದೂ ಎಂಟು.

ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿ ಮನೆಯಿಂದ ಹೊರಡುವವಳು ನಾನು. ಕೊನೆಯ ಪ್ಯಾರಾವನ್ನು ಅಳಿಸುವುದಕ್ಕೆ ಒಂದು ಸಲ ಒತ್ತಿದ್ದೇ ಸಾಕಾಯಿತು.

"ಕೆಳಗಿಂದ ತಾನೆ ತೆಗೆದಿದ್ದು?" ಎಂದರು ಪುಟ ಕಟ್ಟುವವರು.

"ಕೆಳಗಿನಿಂದಲೇ."

ಈಗ ವಿಮರ್ಶೆ ಅದರ ಹಿಂದಿನ ವಾಕ್ಯಕ್ಕೆ ಮುಗಿಯುತ್ತಿತ್ತು: "ಕೊನೆಯವರೆಗೂ ಪ್ರೇಕ್ಷಕರಲ್ಲಿ ಒಬ್ಬರೂ ಎದ್ದು ಹೋಗಲಿಲ್ಲ." ಆ ಪ್ಯಾರಾ ಇದ್ದ ಹಳೆಯ ಪ್ರೂಫ್ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಕಸದ ಬುಟ್ಟಿಯನ್ನು ನಾನು ನಂಬುವುದಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಮೇಲಿನ ಭಾಗವನ್ನು ಅಂಗೈಯಲ್ಲಿ ಮುಚ್ಚಿ, ಕೊನೆಯ ಸಾಲಿನಿಂದ ಶುರು ಮಾಡಿದಳು. ಕೈ ಸ್ವಲ್ಪ ಮೇಲೆ ಸರಿಸಿದಳು. ಮತ್ತೆ ಓದಿದಳು.

"ಬೈದಿಲ್ಲ," ಎಂದಳು.

"ಹೌದಾ?"

"ಮುಂದಿನ ಪುಟಕ್ಕೆ ಹೋಗಿದ್ಯೇನೋ." ಹಾಳೆ ತಿರುವಿದಳು. ಅಲ್ಲಿ ಹವಾಮಾನ ಇತ್ತು. ಹಿಂದಕ್ಕೆ ಬಂದಳು. ವಿಮರ್ಶೆಯ ಕೆಳಗೆ ಹೊಸ ಹಾಸಿಗೆಯ ಮೇಲೆ ಒಬ್ಬ ಗಂಡಸು ನೆಮ್ಮದಿಯಾಗಿ ಮಲಗಿದ್ದ. "ಒಬ್ಬರೂ ಎದ್ದು ಹೋಗಲಿಲ್ಲ ಅಂತ ಬರೆದಿದಾರೆ ಕಣೇ! ಆ ಮನುಷ್ಯ ಸತ್ತವರ ಬಗ್ಗೇನೂ ಇಷ್ಟು ಒಳ್ಳೇದು ಬರೆದಿಲ್ಲ."

ಕತ್ತರಿ ತಂದು, ಮಲಗಿದ್ದ ಗಂಡಸಿನ ಒಂದು ಕಾಲಿನ ಸಮೇತ ವಿಮರ್ಶೆಯನ್ನು ಕತ್ತರಿಸಿಕೊಂಡಳು.

ನಾನು ತಿಂಡಿಯ ತಟ್ಟೆಯನ್ನು ಪಕ್ಕಕ್ಕಿಟ್ಟೆ. ಮಳೆಯ ಮಾತು, ಹಲ್ಲು ಕೀಳುವ ಮಾತು ಹೋದರೆ ಹೋಗಲಿ. ಆದರೆ ನಡುವಿನದು ನಿಜ. ತಿಂಗಳುಗಟ್ಟಲೆ ಅಡುಗೆಮನೆಯಲ್ಲಿ ಗಡಿಯಾರದವನ ಮಾತುಗಳನ್ನು ಓದಿಕೊಟ್ಟವಳು ನಾನೇ. ಅಕ್ಕ ಮೊದಲೇ ನಗುತ್ತಾಳೆ.

"ಅಕ್ಕಾ, ಮೂರನೇ ಹಲ್ಲಿನ ಸೀನಲ್ಲಿ ಅವನು 'ನೋವು ಆಗಾಗ ಜಾಗ ಬದಲಾಯಿಸ್ತದೆ' ಅಂತಾನಲ್ಲ. ಆಗ 'ಮುಂದಿನ ವಾರ ಎಲ್ಲಿರತ್ತೆ ಅಂತ ಅದನ್ನೇ ಕೇಳ್ಕೊಂಡು ಬನ್ನಿ' ಅಂತ ಹೇಳೋಕೆ ಮುಂಚೇನೇ ನೀನು ನಕ್ಕುಬಿಡ್ತೀಯ."

"ಅದು ನಗು ಬರೋ ಮಾತು, ನಗ್ತೀನಿ."

"ನೀನು ನಗದೇ ಇದ್ದರೆ..."

"ಕೊನೇ ಪ್ಯಾರಾನೇ ಬಾಯಿ ಮುಚ್ಚಿಕೊಂಡಿದಾರೆ, ಇವಳು ಬಂದ್ಲು. ನೀನು ಕಾಮಾ ಹಾಕೋಳು, ಹೋಗಿ ಕಾಮಾ ಹಾಕು."

ಭಾನುವಾರ ನನಗೆ ರಜೆ. ಅರ್ಧ ಗಂಟೆ ಮೊದಲೇ ಹೋಗಿ ಹಿಂದಿನಿಂದ ಮೂರನೇ ಸಾಲಿನ ತುದಿಯಲ್ಲಿ ಕುಳಿತೆ. ಅರ್ಧವಲ್ಲ, ಮುಕ್ಕಾಲು ಸಭಾಂಗಣ ತುಂಬಿತು. ಜನ ನಗಬೇಕೆಂದು ನಿಶ್ಚಯಿಸಿಕೊಂಡೇ ಬಂದಿದ್ದರು. ಪರದೆ ಸರಿದು ಖಾಲಿ ಕುರ್ಚಿ ಕಂಡಾಗ ಒಂದಿಷ್ಟು ಜನ ನಕ್ಕರು. ಗಡಿಯಾರದವನು ಛತ್ರಿ ಮಡಚಿದಾಗಲೂ ನಕ್ಕರು. ನನ್ನ ಮುಂದೆ ಕುಳಿತಿದ್ದ ದಪ್ಪನೆಯವರೊಬ್ಬರು ಎರಡನೇ ಹಲ್ಲಿನ ಹೊತ್ತಿಗೆ ಮೆಲ್ಲಗೆ ಎದ್ದರು. ಅವರ ಹೆಂಡತಿ ಕೋಟಿನ ತುದಿ ಹಿಡಿದು ಎಳೆದರು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಎದ್ದು ಹೋಗೋ ಜಾಗಕ್ಕೆ."

"ಕೂತ್ಕೊಳ್ಳಿ ಸುಮ್ನೆ. ಒಬ್ಬರೂ ಎದ್ದು ಹೋಗಿಲ್ಲ ಅಂತ ಪೇಪರಲ್ಲಿ ಬಂದಿದೆ. ನೀವೇ ಮೊದಲಿಗರಾಗಬೇಡಿ."

ಅವರು ಕುಳಿತರು. ಆಮೇಲೆ ಅವರು ನಗಲೇ ಇಲ್ಲ. ಅಲುಗಾಡಲೂ ಇಲ್ಲ.

ಅಷ್ಟರಲ್ಲಿ ಪಕ್ಕದ ಕುರ್ಚಿ ಕಿರುಗುಟ್ಟಿತು. ನೋಡಿದರೆ ಕೊನೇ ಪ್ಯಾರಾ. ಅವರು ಒಂದು ನಾಟಕವನ್ನು ಎರಡನೇ ಸಲ ನೋಡಿದ್ದನ್ನು ನಾನಂತೂ ಕೇಳಿರಲಿಲ್ಲ.

"ಮೊನ್ನೆ ರಾತ್ರಿ ಡೆಸ್ಕಲ್ಲಿ ನೀವೇ ತಾನೆ ಇದ್ದಿದ್ದು?" ಎಂದರು ಪಿಸುದನಿಯಲ್ಲಿ.

"ಹೌದು ಸಾರ್. ಹಾಸಿಗೆ ಜಾಹೀರಾತು ಬಂತು."

"ಕಥಾಸಾರ ತೆಗೀಬಹುದಿತ್ತು. ಅದೂ ಎಂಟೇ ಸಾಲು."

"ಕೆಳಗಿನಿಂದ ತೆಗೆಯೋದು ನಿಯಮ, ಸಾರ್."

"ಗೊತ್ತು. ಇಪ್ಪತ್ತೆರಡು ವರ್ಷದಿಂದ ಬರೀತಿದೀನಿ. ನನ್ನ ವಿಮರ್ಶೆಗೆ ಆ ನಿಯಮ ಯಾರಾದ್ರೂ ಪಾಲಿಸಿದ್ದು ಇದೇ ಮೊದಲು." ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ದಾರಿಯಲ್ಲಿ ಜನ ಕೈ ಕುಲುಕ್ತಾರೆ. ಮನೆಯವಳು ಮೊದಲ ಸಲ ನನ್ನ ವಿಮರ್ಶೆ ಪೂರ್ತಿ ಓದಿ, ನಿಮಗೂ ವಯಸ್ಸಾಯ್ತು ಅಂದ್ಲು. ಇದು ಸಂಪಾದಕರಿಗೆ ಪತ್ರ. ಆ ಎಂಟು ಸಾಲನ್ನ ಮಂಗಳವಾರ ಪ್ರಕಟಿಸಬೇಕು ಅಂತ. ನಾಳೆ ಕೊಡ್ತೀನಿ. ಕೊಡೋ ಮುಂಚೆ, ಬರೆದಿದ್ದು ನಿಜ ತಾನೆ ಅಂತ ಇನ್ನೊಂದ್ಸಲ ನೋಡಿಕೊಳ್ಳೋಣ ಅಂತ ಬಂದೆ."

ಅವರ ಲೆಕ್ಕದಲ್ಲಿ ಅದು ನ್ಯಾಯವೇ. ಮಂಗಳವಾರ ಅದು ಅಚ್ಚಾದರೆ ಬುಧವಾರ ಈ ಕುರ್ಚಿಗಳಲ್ಲಿ ಯಾರೂ ಇರುವುದಿಲ್ಲ. ಅಕ್ಕ ಇನ್ನು ಬಣ್ಣ ಹಚ್ಚುವುದಿಲ್ಲ, ತಟ್ಟೆ ಒರೆಸುತ್ತಾಳೆ. ನಾನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡೆ, ಬಿಡಿಸಿದೆ, ಮತ್ತೆ ಸುತ್ತಿಕೊಂಡೆ.

ಮೂರನೇ ಹಲ್ಲು ಬಂತು.

"ಡಾಕ್ಟ್ರೇ, ನೋವು ಆಗಾಗ ಜಾಗ ಬದಲಾಯಿಸ್ತದೆ," ಎಂದ ಗಡಿಯಾರದವನು.

ಅಕ್ಕ ನಗಲಿಲ್ಲ. ಹಲ್ಲು ನೋಡುವ ಪುಟ್ಟ ಕನ್ನಡಿಯ ಕಡ್ಡಿಯನ್ನು ಬಟ್ಟೆಯಿಂದ ಒರೆಸಿದಳು. ಬೆಳಕಿಗೆ ಹಿಡಿದು ನೋಡಿದಳು. ಮತ್ತೆ ಒರೆಸಿದಳು. ಸಭಾಂಗಣದಲ್ಲಿ ಯಾರೋ ಕೆಮ್ಮಲು ಹೋಗಿ ತಡೆದುಕೊಂಡರು.

"ಹಾಗಾದರೆ ಮುಂದಿನ ವಾರ ಎಲ್ಲಿರತ್ತೆ ಅಂತ," ಎಂದಳು, ನನಗೆ 'ಹೋಗಿ ಕಾಮಾ ಹಾಕು' ಎನ್ನುವಾಗಿನ ಅದೇ ಮುಖದಲ್ಲಿ, "ಅದನ್ನೇ ಕೇಳ್ಕೊಂಡು ಬನ್ನಿ."

ಸಭಾಂಗಣ ಬಿದ್ದುಬಿದ್ದು ನಕ್ಕಿತು. ಛತ್ರಿಗೆ ನಕ್ಕಂಥ ನಗು ಅಲ್ಲ ಅದು. ಮುಂದಿನ ದಪ್ಪನೆಯವರು ತಡೆಯಲಾರದೆ ನಕ್ಕು, ಆ ನಗುವಿನಲ್ಲೇ ಎದ್ದು ಬಾಗಿಲಿನತ್ತ ಓಡಿದರು. ಪಕ್ಕದಿಂದ, ಬಹಳ ದಿನದಿಂದ ಬಿಗಿದುಕೊಂಡಿದ್ದ ಮೇಜಿನ ಖಾನೆ ಎಳೆದ ಹಾಗೆ ಒಂದು ಸದ್ದು ಬಂತು. ಕೊನೇ ಪ್ಯಾರಾ ನಗುತ್ತಿದ್ದರು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗುರುವಾರ ಆಯಮ್ಮ ಹೀಗೆ ಮಾಡಿರಲಿಲ್ಲ. ಯಾರು ಹೇಳಿದ್ರು ಅವರಿಗೆ?"

"ಗೊತ್ತಿಲ್ಲ ಸಾರ್."

ಏಳನೇ ಹಲ್ಲು ಮುಗಿದು ದೀಪ ಹತ್ತಿದ ಮೇಲೆ ಅವರು ಲಕೋಟೆಯನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕೈಗಿಟ್ಟರು. "ಇದು ಈಗ ಸುಳ್ಳಾಯ್ತು. ಇದನ್ನೂ ಕತ್ತರಿಸಿಬಿಡಿ. ಇದಕ್ಕೆ ಕೆಳಗಿನಿಂದ ಅಂತೇನಿಲ್ಲ."

ಬಣ್ಣದ ಕೋಣೆಯಲ್ಲಿ ಅಕ್ಕನ ಕನ್ನಡಿಗೆ ವಿಮರ್ಶೆ ಅಂಟಿಸಿತ್ತು, ಹಾಸಿಗೆಯವನ ಕಾಲಿನ ಸಮೇತ. ಮ್ಯಾನೇಜರ್ ಆಗಷ್ಟೇ ತಲೆ ಹಾಕಿ, ಇನ್ನು ನಾಲ್ಕು ವಾರ ನಿಮ್ಮದೇ ಎಂದು ಹೇಳಿ ಹೋಗಿದ್ದರಂತೆ.

"ಮೂರನೇ ಹಲ್ಲು ನೋಡಿದ್ಯಾ?" ಎಂದಳು ಅಕ್ಕ. "ನಗಬಾರದು ಅಂತ ನನಗೇ ಹೊಳೀತು."

"ಹೌದಾ."

"ಕೊನೇ ಪ್ಯಾರಾ ನಿನ್ನ ಪಕ್ಕದಲ್ಲೇ ಕೂತಿದ್ರಂತಲ್ಲ. ಏನಂದ್ರು?"

"ನಕ್ಕರು."

"ಅದು ನನಗೂ ಕೇಳಿಸ್ತು. ಆಮೇಲೆ?"

ಬ್ಯಾಗು ನನ್ನ ತೊಡೆಯ ಮೇಲಿತ್ತು, ಒಳಗೆ ಪ್ರೂಫ್ ಹಾಳೆ ಮತ್ತು ಲಕೋಟೆ. ಅಕ್ಕನಿಗಾಗಲಿ ಆಫೀಸಿಗಾಗಲಿ, ಯಾರಿಗೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.

"ಆಮೇಲೇನೂ ಇಲ್ಲ," ಎಂದೆ. ಅಕ್ಕ ಬಣ್ಣ ಒರೆಸಲು ಕನ್ನಡಿಯತ್ತ ತಿರುಗಿದಳು. ನಾನು ಬ್ಯಾಗಿನ ಜಿಪ್ ಹಾಕಿದೆಯೇ ಎಂದು ಮೂರು ಸಲ ನೋಡಿಕೊಂಡೆ.